ಸೌರವಿದ್ಯುತ್ತಿನ ಸಾಲವೂ ಮಳೆಗಾಲದ ಕಂತೂ

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲೂಕುಗಳ ವರ್ತಕರು ಮತ್ತು ಸಣ್ಣ ಉದ್ದಿಮೆದಾರರ ಮೇಜಿನ ಮೇಲೆ ಇತ್ತೀಚಿನ ದಿನಗಳಲ್ಲಿ ಸೌರವಿದ್ಯುತ್ ಘಟಕದ ಕೊಟೇಶನ್ ಒಂದಾದರೂ ಇಲ್ಲದಿರುವುದು ಅಪರೂಪ. ಬಿ.ಸಿ. ರೋಡಿನ ಜವಳಿ ಅಂಗಡಿ, ವಿಟ್ಲದ ಅಡಿಕೆ ಗೋದಾಮು, ಉಜಿರೆಯ ವಸತಿಗೃಹ, ಗುರುವಾಯನಕೆರೆಯ ಪೆಟ್ರೋಲ್ ಬಂಕ್, ಮೂಡುಬಿದಿರೆಯ ಗೇರುಬೀಜ ಕಾರ್ಖಾನೆ, ಯಾವುದೇ ಇರಲಿ, ಕೊಟೇಶನ್ನಿನ ಜೊತೆಗೆ ಲಗತ್ತಿಸಿದ ಲೆಕ್ಕದ ಹಾಳೆ ಮಾತ್ರ ಹೆಚ್ಚುಕಡಿಮೆ ಒಂದೇ. ಇಷ್ಟು ಕಿಲೋವ್ಯಾಟ್, ವರ್ಷಕ್ಕೆ ಇಷ್ಟು ಯೂನಿಟ್, ಇಷ್ಟು ರೂಪಾಯಿ ಉಳಿತಾಯ, ನಾಲ್ಕು ವರ್ಷದಲ್ಲಿ ಬಂಡವಾಳ ವಾಪಸು, ಆ ಬಳಿಕ ಇಪ್ಪತ್ತು ವರ್ಷ ಪುಕ್ಕಟೆ ವಿದ್ಯುತ್ತು.

ಆ ಹಾಳೆಯಲ್ಲಿ ಸುಳ್ಳು ಇದೆ ಎನ್ನಲಾಗದು. ಫಲಕಗಳ ಬೆಲೆ ಕಳೆದ ಹದಿನೈದು ವರ್ಷಗಳಲ್ಲಿ ಬಹಳ ಇಳಿದಿರುವುದೂ, ಹಗಲಿನಲ್ಲಿ ವಿದ್ಯುತ್ ಬಳಸುವ ಉದ್ದಿಮೆಗೆ ಸೌರಘಟಕ ಲಾಭದಾಯಕವಾಗಬಲ್ಲದೆಂಬುದೂ ನಿಜವೇ. ಆದರೆ ಹಾಳೆಯಲ್ಲಿರುವುದು ವರ್ಷವಿಡೀ ಒಂದೇ ಸಮನೆ ಬಿಸಿಲು ಬೀಳುವ, ಶೇಕಡಾ 30ರ ದರದಲ್ಲಿ ತೆರಿಗೆ ಕಟ್ಟುವ, ಕೈಯಲ್ಲಿ ಧಾರಾಳ ನಗದಿರುವ ಒಂದು ಕಾಲ್ಪನಿಕ ಉದ್ದಿಮೆಯ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನನ್ನು ಅಪರೂಪಕ್ಕೆ ಕಾಣುವ, ಫೆಬ್ರವರಿಯಿಂದ ಮೇ ತಿಂಗಳವರೆಗೆ ಕಚ್ಚಾ ಮಾಲಿನ ಖರೀದಿಗಾಗಿ ಬ್ಯಾಂಕಿನ ಮಿತಿಯನ್ನು ಪೂರ್ತಿ ಬಳಸುವ ನಮ್ಮ ಕಡೆಯ ಉದ್ದಿಮೆಯ ಲೆಕ್ಕ ಅದಲ್ಲ. ಘಟಕದ ಗುಣಮಟ್ಟ ಎಷ್ಟೇ ಉತ್ತಮವಾಗಿದ್ದರೂ ಅದಕ್ಕೆ ಹಣ ಒದಗಿಸಿದ ರೀತಿ ತಪ್ಪಿದರೆ ಉದ್ದಿಮೆಯ ಉಸಿರು ಕಟ್ಟುತ್ತದೆ. ಸೌರವಿದ್ಯುತ್ತಿನ ಪ್ರಶ್ನೆ ಇಲ್ಲಿ ಮೊದಲಿಗೆ ಹಣಕಾಸಿನ ಪ್ರಶ್ನೆ, ತಂತ್ರಜ್ಞಾನದ ಪ್ರಶ್ನೆ ಆಮೇಲಿನದು.

ಈ ಮಾತನ್ನು ಹೊರಗಿನವರಿಂದ ಕಲಿಯಬೇಕಾದ ಅಗತ್ಯ ಕರಾವಳಿಗೆ ಇಲ್ಲ. ಗಳಿಕೆಯ ಲಯಕ್ಕೆ ಪಾವತಿಯ ಲಯವನ್ನು ಹೊಂದಿಸುವ ವಿದ್ಯೆ ಈ ನೆಲದ್ದೇ. 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ ಯೋಜನೆಯ ತಿರುಳು ಅದೇ. ತಿಂಗಳ ಸಂಬಳವಿಲ್ಲದವನಿಂದ ತಿಂಗಳ ಉಳಿತಾಯ ನಿರೀಕ್ಷಿಸದೆ, ದಿನದ ಗಳಿಕೆಯಿಂದ ದಿನದ ಎರಡಾಣೆಯನ್ನು ಅವನ ಬಾಗಿಲಿಗೇ ಹೋಗಿ ಸಂಗ್ರಹಿಸಿದ್ದರಿಂದ ಆ ಯೋಜನೆ ಬೇರೂರಿತು. ಇಂದಿಗೂ ಪೇಟೆಯ ಅಂಗಡಿಗಳಿಗೆ ಪಿಗ್ಮಿ ಸಂಗ್ರಾಹಕರು ಬರುತ್ತಿರುವುದು ಆ ವಿದ್ಯೆಯ ಬಾಳಿಕೆಗೆ ಸಾಕ್ಷಿ.

ಸೌರದೀಪದ ವಿಷಯದಲ್ಲಿಯೂ ಇದೇ ಪಾಠ ಮರುಕಳಿಸಿತು. 1995ರಲ್ಲಿ ಹರೀಶ್ ಹಂದೆಯವರು ನೆವಿಲ್ ವಿಲಿಯಮ್ಸ್ ಅವರೊಂದಿಗೆ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿದಾಗ ಫಲಕ ಮಾರುವವರು ಬೇರೆ ಇರಲಿಲ್ಲವೆಂದೇನೂ ಅಲ್ಲ. ಸೆಲ್ಕೋ ಗೆದ್ದದ್ದು ಫಲಕದ ಜೊತೆಗೆ ಸಾಲವನ್ನೂ ಜೋಡಿಸಿದ್ದರಿಂದ. ಗ್ರಾಮೀಣ ಬ್ಯಾಂಕುಗಳು, ಸಿಂಡಿಕೇಟ್ ಬ್ಯಾಂಕಿನ ಶಾಖೆಗಳು, ಸಹಕಾರ ಸಂಘಗಳು, ಬೆಳ್ತಂಗಡಿ ತಾಲೂಕಿನಲ್ಲಿ 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಇವೆಲ್ಲವುಗಳ ಮೂಲಕ ದೀಪಕ್ಕೆ ಹಣ ಬಂತು. ಬೀದಿಬದಿಯ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಹಗುರ ಎಂಬ ಅನುಭವವನ್ನು ಹಂದೆಯವರು ಅನೇಕ ವೇದಿಕೆಗಳಲ್ಲಿ ಹೇಳಿದ್ದಾರೆ. ಗಣಿತದಲ್ಲಿ ಎರಡೂ ಒಂದೇ, ಗಲ್ಲಾಪೆಟ್ಟಿಗೆಯಲ್ಲಿ ಒಂದೇ ಅಲ್ಲ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದದ್ದು ಬಲ್ಲ ವಿಷಯ.

ಅಂತಾರಾಷ್ಟ್ರೀಯ ಮಟ್ಟದಲ್ಲಿ ಇದಕ್ಕಿಂತ ಹೆಚ್ಚು ಗಮನ ಸೆಳೆದದ್ದು 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಸಹಯೋಗದಲ್ಲಿ ಆರಂಭಿಸಿದ ಸೌರ ಸಾಲ ಕಾರ್ಯಕ್ರಮ. ಘಟಕದ ಬೆಲೆಗೆ ಸಹಾಯಧನ ನೀಡದೆ ಬಡ್ಡಿಯ ಭಾರವನ್ನು ಮಾತ್ರ ತಗ್ಗಿಸಲಾಯಿತು. ಶೇಕಡಾ 12ರ ಆಸುಪಾಸಿನ ಬಡ್ಡಿ ಸಾಲಗಾರನಿಗೆ ಶೇಕಡಾ 5ಕ್ಕೆ ದೊರೆಯಿತು. ಸಾಲ ಮರುಪಾವತಿಯಾಗುವುದನ್ನು ಬ್ಯಾಂಕುಗಳು ಕಣ್ಣಾರೆ ಕಂಡ ಮೇಲೆ ಆ ರಿಯಾಯಿತಿಯನ್ನು ಹಂತಹಂತವಾಗಿ ಹಿಂತೆಗೆದುಕೊಳ್ಳಲಾಯಿತು, ಆದರೂ ಸಾಲ ನೀಡಿಕೆ ನಿಲ್ಲಲಿಲ್ಲ. ಬ್ಯಾಂಕರ ಭಯವನ್ನು ಕಳೆಯುವುದೇ ಆ ಕಾರ್ಯಕ್ರಮದ ನಿಜವಾದ ಸಾಧನೆಯಾಗಿತ್ತು.

ಇಷ್ಟೆಲ್ಲ ಅನುಭವವಿರುವ ಜಿಲ್ಲೆಯಲ್ಲಿ, ಎರಡು ದೀಪದ ಸಾಲಕ್ಕೆ ಸಿಕ್ಕ ಗಮನ ಇಪ್ಪತ್ತು ಕಿಲೋವ್ಯಾಟ್‌ನ ವಾಣಿಜ್ಯ ಘಟಕದ ಸಾಲಕ್ಕೆ ಸಿಕ್ಕಿಲ್ಲ ಎಂಬುದು ವಿಚಿತ್ರವಾದರೂ ನಿಜ. ಮನೆದೀಪದ ಗಿರಾಕಿಯ ಗಳಿಕೆಯನ್ನು ವಿಚಾರಿಸಿ ಕಂತು ಕಟ್ಟಿದ ಬ್ಯಾಂಕು, ಉದ್ದಿಮೆದಾರ ಬಂದಾಗ ವಾಹನ ಸಾಲದ ನಮೂನೆಯನ್ನು ಮುಂದಿಡುತ್ತದೆ. ಎಂಬತ್ತನಾಲ್ಕು ಸಮಾನ ಕಂತುಗಳು, ಮುಂದಿನ ತಿಂಗಳಿನಿಂದಲೇ ಆರಂಭ.

ಮಾರ್ಚ್ ತಿಂಗಳ ಘಟಕ, ಜುಲೈ ತಿಂಗಳ ಘಟಕ

ಉದಾಹರಣೆಗೆ 20 ಕಿಲೋವ್ಯಾಟ್ ಘಟಕವೊಂದನ್ನು ತೆಗೆದುಕೊಳ್ಳಬಹುದು. ಕಿಲೋವ್ಯಾಟ್‌ಗೆ 50,000 ರೂಪಾಯಿ ಎಂದು ಹಿಡಿದರೆ ತೆರಿಗೆ ಹೊರತುಪಡಿಸಿ 10 ಲಕ್ಷ ರೂಪಾಯಿ. ಕಂಪನಿಗಳ ಹಾಳೆಯಲ್ಲಿ ಸಾಮಾನ್ಯವಾಗಿ ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಎಂದು ಹಿಡಿದು ವರ್ಷಕ್ಕೆ 1,460 ಯೂನಿಟ್ ತೋರಿಸುತ್ತಾರೆ. ಘಟ್ಟದ ಬುಡದ ಮಳೆ, ತೆಂಗು-ಅಡಿಕೆಯ ನೆರಳು, ಫಲಕದ ಮೇಲೆ ಕಟ್ಟುವ ಪಾಚಿ, ಮೆಸ್ಕಾಂ ಲೈನು ಹೋದಾಗ ಘಟಕವೂ ನಿಂತುಬಿಡುವುದು, ಇವನ್ನೆಲ್ಲ ಗಣಿಸಿದರೆ ಈ ಮೂರು ತಾಲೂಕುಗಳಲ್ಲಿ 1,300 ಯೂನಿಟ್ ಹಿಡಿಯುವುದು ಕ್ಷೇಮ. ಹಾಗಾದರೆ ವರ್ಷಕ್ಕೆ 26,000 ಯೂನಿಟ್. ಯೂನಿಟ್‌ಗೆ 7 ರೂಪಾಯಿಯಂತೆ ಉಳಿತಾಯ 1,82,000 ರೂಪಾಯಿ. ಈ 7 ರೂಪಾಯಿ ಉದಾಹರಣೆಗೆ ಮಾತ್ರ. ಪ್ರತಿಯೊಬ್ಬರೂ ತಮ್ಮ ಬಿಲ್ಲಿನಲ್ಲಿ ಯೂನಿಟ್‌ನ ದರವೆಷ್ಟು, ನಿಗದಿತ ಶುಲ್ಕವೆಷ್ಟು ಎಂದು ಬೇರ್ಪಡಿಸಿ ನೋಡಿಕೊಳ್ಳಬೇಕು.

10 ಲಕ್ಷದಲ್ಲಿ 2 ಲಕ್ಷ ಸ್ವಂತ ಮಾರ್ಜಿನ್ ಹಣ, 8 ಲಕ್ಷ ಅವಧಿ ಸಾಲ, ಶೇಕಡಾ 10ರ ಬಡ್ಡಿ, ಏಳು ವರ್ಷ ಎಂದಾದರೆ ಸಮಾನ ಮಾಸಿಕ ಕಂತು ಸುಮಾರು 13,280 ರೂಪಾಯಿ, ವರ್ಷಕ್ಕೆ 1,59,000ಕ್ಕೂ ಸ್ವಲ್ಪ ಹೆಚ್ಚು. ಉಳಿತಾಯ 1,82,000, ಕಂತು 1,59,000. ವಾರ್ಷಿಕ ಲೆಕ್ಕ ಸರಿಹೋಗುತ್ತದೆ. ಬ್ಯಾಂಕಿನ ಅಧಿಕಾರಿಯೂ, ಕಂಪನಿಯ ಪ್ರತಿನಿಧಿಯೂ, ಉದ್ದಿಮೆದಾರನೂ ಇಲ್ಲಿಗೆ ಕಡತ ಮುಚ್ಚುತ್ತಾರೆ.

ಕಡತವನ್ನು ಇನ್ನೊಮ್ಮೆ ತೆರೆದು ತಿಂಗಳವಾರು ನೋಡಬೇಕು. ಮಾರ್ಚ್‌ನಲ್ಲಿ ಕಿಲೋವ್ಯಾಟ್‌ಗೆ ದಿನಕ್ಕೆ ನಾಲ್ಕೂವರೆ ಯೂನಿಟ್ ಬಂದರೆ ಆ ತಿಂಗಳ ಉತ್ಪಾದನೆ 2,790 ಯೂನಿಟ್, ಉಳಿತಾಯ ಸುಮಾರು 19,500 ರೂಪಾಯಿ. ಆಟಿ ತಿಂಗಳ ಜಡಿಮಳೆಯಲ್ಲಿ, ಅಂದರೆ ಜುಲೈಯಲ್ಲಿ, ದಿನಕ್ಕೆ ಎರಡೂಕಾಲು ಯೂನಿಟ್ ಬಂದರೆ 1,395 ಯೂನಿಟ್, ಉಳಿತಾಯ 9,765 ರೂಪಾಯಿ. ಕಂತು ಮಾತ್ರ ಎರಡೂ ತಿಂಗಳು 13,280. ಜುಲೈಯಲ್ಲಿ ಉದ್ದಿಮೆದಾರನು ಮೂರೂವರೆ ಸಾವಿರ ರೂಪಾಯಿಯನ್ನು ಬೇರೆಡೆಯಿಂದ ಹೊಂದಿಸಬೇಕು. ಮೊತ್ತ ಚಿಕ್ಕದೆನಿಸಬಹುದು. ಆದರೆ ಕರಾವಳಿಯ ವ್ಯಾಪಾರಕ್ಕೆ ಮಳೆಗಾಲವೇ ಮಂದ ಕಾಲ. ಮದುವೆ-ಮುಂಜಿಗಳಿಲ್ಲದೆ ಜವಳಿಯವನ ಅಂಗಡಿ ಖಾಲಿ, ಕಟ್ಟಡ ಕೆಲಸವಿಲ್ಲದೆ ಸಿಮೆಂಟ್ ವರ್ತಕನ ಗೋದಾಮು ಭರ್ತಿ, ಶಾಲೆಯ ಶುಲ್ಕ ಕಟ್ಟಿ ಗಿರಾಕಿಯ ಕಿಸೆಯೂ ಬರಿದು. ವಸೂಲಿ ನಿಧಾನವಾಗುವ ನಾಲ್ಕು ತಿಂಗಳಲ್ಲಿಯೇ ಘಟಕವೂ ಕೈಕೊಡುತ್ತದೆ. ಘಟಕ ದೊಡ್ಡದಾದಷ್ಟೂ ಈ ಕೊರತೆ ದೊಡ್ಡದು. ನೂರು ಕಿಲೋವ್ಯಾಟ್ ಹಾಕಿದವನಿಗೆ ಅದು ತಿಂಗಳಿಗೆ ಹದಿನೇಳು ಸಾವಿರವಾಗುತ್ತದೆ.

ಇದಕ್ಕೆ ಪರಿಹಾರ ಸರಳವಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಡ್ಡಿಯನ್ನು ಮಾತ್ರ ವಸೂಲು ಮಾಡಿ, ಅಸಲನ್ನು ಅಕ್ಟೋಬರ್‌ನಿಂದ ಮೇ ತಿಂಗಳವರೆಗಿನ ಎಂಟು ಕಂತುಗಳಲ್ಲಿ ಹಂಚಿದರೆ ಸಾಕು. ಮೇಲಿನ ಉದಾಹರಣೆಯಲ್ಲಿ ಮಳೆಗಾಲದ ಪಾವತಿ ಮೊದಲ ವರ್ಷ ಆರೂವರೆ ಸಾವಿರದ ಆಸುಪಾಸಿನಲ್ಲಿದ್ದರೆ ಬಿಸಿಲುಗಾಲದ ಕಂತು ಹದಿನೇಳು ಸಾವಿರದ ಹತ್ತಿರ ಬರುತ್ತದೆ. ಆ ಎಂಟು ತಿಂಗಳ ಸರಾಸರಿ ಉಳಿತಾಯವೂ ಹದಿನೇಳು ಸಾವಿರಕ್ಕಿಂತ ಸ್ವಲ್ಪ ಮೇಲೆಯೇ ಇರುತ್ತದೆ. ಬೆಳೆಸಾಲದಲ್ಲಿ ಕೊಯ್ಲಿಗೆ ಹೊಂದಿಸಿ ಗಡುವು ಕೊಡುವ ಬ್ಯಾಂಕುಗಳಿಗೆ ಇದು ಹೊಸ ವಿಚಾರವಾಗಬಾರದು. ಬಿಸಿಲೂ ಒಂದು ಬೆಳೆಯೇ.

ತೆರಿಗೆಯ ಲಾಭ ಯಾರಿಗೆ?

ಪ್ರತಿನಿಧಿಗಳ ಹಾಳೆಯಲ್ಲಿ ಅತ್ಯಂತ ಹೊಳಪಿನ ಸಾಲು ಸವಕಳಿಯದ್ದು. ಸೌರಘಟಕಕ್ಕೆ ಆದಾಯ ತೆರಿಗೆಯಲ್ಲಿ ಹಿಂದೆ ಶೇಕಡಾ 80ರ ಸವಕಳಿ ಇತ್ತು. 2017-18ನೇ ಹಣಕಾಸು ವರ್ಷದಿಂದ ಅದು ಗರಿಷ್ಠ ಶೇಕಡಾ 40. ಹೊಸ ಯಂತ್ರೋಪಕರಣಕ್ಕೆ ತಯಾರಕರಿಗೆ ದೊರೆಯುವ ಶೇಕಡಾ 20ರ ಹೆಚ್ಚುವರಿ ಸವಕಳಿ ಸೇರಿದರೆ ಮೊದಲ ವರ್ಷ ಶೇಕಡಾ 60. ಪಾಲುದಾರಿಕೆ ಸಂಸ್ಥೆಯೊಂದು 31.2ರ ದರದಲ್ಲಿ ತೆರಿಗೆ ಕಟ್ಟುವುದಾದರೆ 10 ಲಕ್ಷದ ಘಟಕದಿಂದ ಮೊದಲ ವರ್ಷವೇ 1,87,200 ರೂಪಾಯಿ ತೆರಿಗೆ ಉಳಿಯುತ್ತದೆ. ಇದು ಸಣ್ಣ ಮೊತ್ತವಲ್ಲ.

ಆದರೆ ಇದೇ ಘಟಕವನ್ನು ಹೊಸ ತೆರಿಗೆ ಪದ್ಧತಿಯಲ್ಲಿರುವ ಏಕಮಾಲೀಕ ಉದ್ದಿಮೆದಾರ ಹಾಕಿದರೆ ಹೆಚ್ಚುವರಿ ಸವಕಳಿ ಇಲ್ಲ. ಅಂಗಡಿಯವನು ಹಾಕಿದರೆ ಅವನು ತಯಾರಕನಲ್ಲವಾದ್ದರಿಂದ ಅದು ಹೇಗೂ ಇಲ್ಲ. ಇನ್ನು ವಹಿವಾಟಿನ ಶೇಕಡಾ 6 ಅಥವಾ 8ನ್ನು ಅಂದಾಜು ಆದಾಯವೆಂದು ಘೋಷಿಸಿ ರಿಟರ್ನ್ ಸಲ್ಲಿಸುವ ವರ್ತಕನಿಗೆ ಸವಕಳಿಯ ಲಾಭವೇ ಶೂನ್ಯ, ಏಕೆಂದರೆ ಆ ಅಂದಾಜಿನಲ್ಲಿ ಎಲ್ಲ ವೆಚ್ಚವೂ ಸವಕಳಿಯೂ ಅಡಕವಾಗಿರುತ್ತವೆ. ಈ ಮೂರು ತಾಲೂಕುಗಳ ಪೇಟೆಗಳಲ್ಲಿ ಅಂದಾಜು ಪದ್ಧತಿಯ ವರ್ತಕರು ಎಷ್ಟಿದ್ದಾರೆಂಬುದು ಓದುಗರಿಗೆ ಗೊತ್ತಿರುವ ವಿಷಯ. ಅವರ ಕೈಗೂ ಶೇಕಡಾ 30ರ ತೆರಿಗೆ ಉಳಿತಾಯದ ಹಾಳೆಯನ್ನೇ ಕೊಡಲಾಗುತ್ತದೆ.

ಹಾಳೆಯಲ್ಲಿ ಎಂದೂ ಕಾಣದ ಇನ್ನೊಂದು ಸಂಗತಿಯಿದೆ. ವಿದ್ಯುತ್ ಬಿಲ್ಲು ಒಂದು ವೆಚ್ಚ. ಬಿಲ್ಲು 1,82,000 ರೂಪಾಯಿಯಷ್ಟು ಇಳಿದರೆ ಲಾಭ ಅಷ್ಟೇ ಏರುತ್ತದೆ, ಏರಿದ ಲಾಭಕ್ಕೆ ತೆರಿಗೆಯೂ ಬರುತ್ತದೆ. ಆರಂಭದ ವರ್ಷಗಳಲ್ಲಿ ಸವಕಳಿ ಮತ್ತು ಬಡ್ಡಿ ಅದನ್ನು ಮುಚ್ಚಿಕೊಳ್ಳುತ್ತವೆ. ಸವಕಳಿ ಕರಗಿದ ಮೇಲೆ ಆ ಪಾಲುದಾರಿಕೆ ಸಂಸ್ಥೆಗೆ ನಿಜವಾಗಿ ಉಳಿಯುವುದು 1,25,000 ರೂಪಾಯಿ ಮಾತ್ರ. ಅಂದಾಜು ಪದ್ಧತಿಯವನಿಗೆ ಮಾತ್ರ ಇಲ್ಲೊಂದು ಸಮಾಧಾನವಿದೆ: ಅವನ ತೆರಿಗೆ ವಹಿವಾಟನ್ನು ಅವಲಂಬಿಸಿರುವುದರಿಂದ ಬಿಲ್ಲಿನ ಉಳಿತಾಯ ಪೂರ್ತಿಯಾಗಿ ಅವನದೇ.

ಸರಕು ಮತ್ತು ಸೇವಾ ತೆರಿಗೆಯಲ್ಲಿಯೂ ಇಂತಹುದೇ ಭೇದವಿದೆ. ಘಟಕದ ಗುತ್ತಿಗೆ ಮೊತ್ತದ ಶೇಕಡಾ 70 ಸರಕು, ಶೇಕಡಾ 30 ಸೇವೆ ಎಂದು ಪರಿಗಣಿತವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸರಕಿನ ದರ 12ರಿಂದ 5ಕ್ಕೆ ಇಳಿದಿದೆ, ಸೇವೆಗೆ 18 ಮುಂದುವರಿದಿದೆ. 10 ಲಕ್ಷಕ್ಕೆ ಒಟ್ಟು ತೆರಿಗೆ 1,38,000 ಇದ್ದದ್ದು 89,000ಕ್ಕೆ ಇಳಿಯಿತು. ಗೇರುಬೀಜ ಕಾರ್ಖಾನೆಯಂತಹ ತೆರಿಗೆಗೊಳಪಟ್ಟ ಉದ್ದಿಮೆ ಇದನ್ನು ಹುಟ್ಟುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ರಾಜಿ ತೆರಿಗೆಯ ಹೋಟೆಲಿಗೆ ಆ ಜಮೆಯಿಲ್ಲ. 25 ಕಿಲೋಗಿಂತ ದೊಡ್ಡ ಚೀಲದಲ್ಲಿ ಕುಚ್ಚಲಕ್ಕಿ ಮಾರುವ ಗಿರಣಿಗೆ ಆ ಮಾರಾಟ ತೆರಿಗೆಮುಕ್ತವಾದ್ದರಿಂದ ಅದರ ಪಾಲಿನ ಜಮೆಯೂ ಇಲ್ಲ. ಹೀಗೆ ಒಂದೇ ರಸ್ತೆಯ ಎರಡು ಛಾವಣಿಗಳ ಮೇಲೆ ಒಂದೇ ಕಂಪನಿ ಹಾಕಿದ ಒಂದೇ ಘಟಕದ ನಿಜವಾದ ಬೆಲೆ ಲಕ್ಷಗಟ್ಟಲೆ ವ್ಯತ್ಯಾಸವಾಗುತ್ತದೆ. ಪಕ್ಕದವನು ಹಾಕಿದನೆಂಬುದು ಘಟಕ ಹಾಕಲು ಕಾರಣವಾಗದು.

ಇಲ್ಲಿ ಸಹಾಯಧನದ ಬಗೆಗೂ ಒಂದು ಮಾತು. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಗರಿಷ್ಠ 78,000 ರೂಪಾಯಿ ಸಹಾಯಧನ ಮನೆಗಳಿಗೆ ಮೀಸಲು. ಅಂಗಡಿ, ಕಾರ್ಖಾನೆಗಳಿಗೆ ಅದು ಅನ್ವಯಿಸದು. ಮನೆಯ ಮೀಟರಿನ ಹೆಸರಿನಲ್ಲಿ ಪಡೆದು ಅಂಗಡಿಗೆ ತಂತಿ ಎಳೆಯುವ ಸಲಹೆ ಕೊಡುವವರಿಂದ ದೂರವಿರುವುದೇ ಲೇಸು.

ಹಣ ಎಲ್ಲಿಂದ ತೆಗೆಯಬಾರದು

ಫೆಬ್ರವರಿ-ಮಾರ್ಚ್‌ನಲ್ಲಿ ತೆರಿಗೆ ಉಳಿಸುವ ಆತುರ ಹೆಚ್ಚು. ಮಾರ್ಚ್ 31ರೊಳಗೆ ಘಟಕ ಚಾಲೂ ಮಾಡಿಸಿದರೆ ಸವಕಳಿ ಸಿಗುತ್ತದೆಂದು ಪ್ರತಿನಿಧಿ ನೆನಪಿಸುತ್ತಾನೆ. ಅವಧಿ ಸಾಲ ಮಂಜೂರಾಗಲು ಸಮಯವಿಲ್ಲ, ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ ಮಿತಿ ಇದೆ, ಚೆಕ್ ಬರೆದುಬಿಡುವುದು ಸುಲಭ. ಸೌರವಿದ್ಯುತ್ತಿನಿಂದ ಉದ್ದಿಮೆಗಳು ಪೆಟ್ಟು ತಿನ್ನುವುದು ಹೆಚ್ಚಾಗಿ ಇಲ್ಲಿಯೇ.

ಮೊದಲನೆಯದಾಗಿ, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಆಸ್ತಿಗೆ ಆ ವರ್ಷ ಅರ್ಧ ಸವಕಳಿ ಮಾತ್ರ. ಶೇಕಡಾ 40ರ ಬದಲು 20. 10 ಲಕ್ಷಕ್ಕೆ 31.2ರ ದರದಲ್ಲಿ ಉಳಿಯುವುದು 62,400 ರೂಪಾಯಿ. ಒಂದು ವರ್ಷ ಮುಂಚಿತವಾಗಿ ಸಿಗುವ ಲಾಭವೆಂಬುದು ನಿಜ, ಆದರೆ ಅದರ ಬೆಲೆಯನ್ನೂ ನೋಡಬೇಕು. ಊರಿನ ಗೇರುಬೀಜ ಮಾರುಕಟ್ಟೆಗೆ ಬರುವುದು ಫೆಬ್ರವರಿಯಿಂದ ಮೇ ತಿಂಗಳವರೆಗೆ. ಪಶ್ಚಿಮ ಆಫ್ರಿಕದ ಮಾಲೂ ಅದೇ ಸುಮಾರಿಗೆ. ವರ್ಷದ ಕಚ್ಚಾ ಬೀಜ ಕೂಡಿಡುವ ಆ ಹೊತ್ತಿನಲ್ಲಿ ಮಿತಿಯಿಂದ 10 ಲಕ್ಷವನ್ನು ಛಾವಣಿಗೆ ಏರಿಸಿದವನು ಬೀಜ ಅಗ್ಗವಿರುವಾಗ ಕೈಕಟ್ಟಿ ಕುಳಿತು, ಮಳೆಗಾಲದಲ್ಲಿ ದುಬಾರಿ ಬೆಲೆಗೆ ಕೊಳ್ಳಬೇಕಾಗುತ್ತದೆ. ಅಡಿಕೆ, ಕಾಳುಮೆಣಸು, ರಬ್ಬರ್ ವರ್ತಕರಿಗೂ ಈ ಮಾತು ಅವರವರ ಸುಗ್ಗಿಯ ತಿಂಗಳಿಗೆ ತಕ್ಕಂತೆ ಅನ್ವಯಿಸುತ್ತದೆ.

ಎರಡನೆಯದು ಬ್ಯಾಂಕಿನ ದೃಷ್ಟಿ. ಕ್ಯಾಶ್ ಕ್ರೆಡಿಟ್ ಎಂಬುದು ದಾಸ್ತಾನು ಮತ್ತು ಬಾಕಿ ವಸೂಲಿಯ ಆಧಾರದ ಅಲ್ಪಾವಧಿ ಹಣ. ಅದರಿಂದ ಇಪ್ಪತ್ತೈದು ವರ್ಷದ ಆಸ್ತಿ ಕೊಂಡರೆ ಚಾಲ್ತಿ ಅನುಪಾತ ಕುಸಿಯುತ್ತದೆ. ಮಿತಿಯ ನವೀಕರಣದ ಹೊತ್ತಿಗೆ ಅಧಿಕಾರಿಯ ಕಣ್ಣಿಗೆ ಬೀಳುವುದು ಸೌರಶಕ್ತಿಯ ಹಿರಿಮೆಯಲ್ಲ, ದುಡಿಯುವ ಬಂಡವಾಳ ಬೇರೆಡೆಗೆ ಹರಿದುಹೋಗಿದೆ ಎಂಬ ಟಿಪ್ಪಣಿ. ಒಳ್ಳೆಯ ಘಟಕ ಹಾಕಿ ಮಿತಿ ಕಡಿತಗೊಳಿಸಿಕೊಂಡಂತಾಗುತ್ತದೆ.

ಸ್ವಂತ ಬಂಡವಾಳ ಹೂಡಲು ಮನಸ್ಸಿಲ್ಲದವರಿಗೆ ಇನ್ನೊಂದು ಮಾದರಿಯನ್ನು ಮುಂದಿಡಲಾಗುತ್ತದೆ. ಕಂಪನಿಯೇ ತನ್ನ ಹಣದಿಂದ ಛಾವಣಿಯ ಮೇಲೆ ಘಟಕ ಹಾಕುತ್ತದೆ. ಉದ್ದಿಮೆದಾರನು ಹದಿನೈದು ಇಪ್ಪತ್ತು ವರ್ಷ ಯೂನಿಟ್‌ಗೆ ಇಷ್ಟೆಂದು ಕೊಡುತ್ತಾನೆ. ಮೆಸ್ಕಾಂಗೆ 7 ಕೊಡುವ ಬದಲು ಕಂಪನಿಗೆ 5 ಕೊಟ್ಟರೆ ನಮ್ಮ ಉದಾಹರಣೆಯಲ್ಲಿ ವರ್ಷಕ್ಕೆ 52,000 ಉಳಿತಾಯ, ಹೂಡಿಕೆ ಇಲ್ಲ. ಸವಕಳಿಯನ್ನು ಬಳಸಿಕೊಳ್ಳಲಾಗದ ಶಿಕ್ಷಣ ಸಂಸ್ಥೆ, ಧರ್ಮಾರ್ಥ ಆಸ್ಪತ್ರೆಗಳಿಗೆ ಇದು ಹೊಂದುತ್ತದೆ. ತೆರಿಗೆಯ ಲಾಭವನ್ನು ಅದನ್ನು ಬಳಸಬಲ್ಲವನ ಪುಸ್ತಕಕ್ಕೆ ಸಾಗಿಸುವುದೇ ಈ ಮಾದರಿಯ ಮರ್ಮ. ಆದರೆ ಇಂತಹ ಕಂಪನಿಗಳು ದೊಡ್ಡ ಛಾವಣಿಯನ್ನು ಹುಡುಕುತ್ತವೆ. 20 ಕಿಲೋವ್ಯಾಟ್‌ನವನ ಬಾಗಿಲಿಗೆ ಬಂದರೆ ಕರಾರನ್ನು ಒಮ್ಮೆಗೆ ಎರಡು ಬಾರಿ ಓದಬೇಕು. ದರ ವರ್ಷವರ್ಷ ಏರುವ ಷರತ್ತಿದೆಯೇ? ಕಾರ್ಖಾನೆ ಮುಚ್ಚಿದ ತಿಂಗಳಲ್ಲಿಯೂ ಕನಿಷ್ಠ ಪಾವತಿ ಇದೆಯೇ? ನಡುವೆ ಘಟಕ ಕೊಂಡುಕೊಳ್ಳಬೇಕಾದರೆ ಬೆಲೆ ಯಾವ ಸೂತ್ರದಂತೆ? ಮುಖ್ಯವಾಗಿ, ತಗಡಿನ ಮಾಡಿಗೆ ತೂತು ಕೊರೆದಲ್ಲಿ ಮಳೆನೀರು ಸೋರಿ ಕೆಳಗಿನ ಮಾಲು ಹಾಳಾದರೆ ಹೊಣೆ ಯಾರದು? ನಾಲ್ಕು ಮೀಟರ್ ಮಳೆ ಬೀಳುವ ಊರಿನಲ್ಲಿ ಇದು ಕೊನೆಯ ಪುಟದ ಷರತ್ತಾಗಿ ಉಳಿಯಬಾರದು.

ಬಾಡಿಗೆ ಕಟ್ಟಡದ ವರ್ತಕರಿಗೆ ಎರಡೂ ಮಾದರಿಗಳು ಕಷ್ಟ. ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಮೇಲೆ ಇಪ್ಪತ್ತು ವರ್ಷದ ಘಟಕ ನಿಲ್ಲದು. ಸಮೂಹವಾಗಿ ಬೇರೆಡೆಯ ಘಟಕದಲ್ಲಿ ಶೇಕಡಾ 26 ಬಂಡವಾಳ ಹೂಡಿ ಅದರ ವಿದ್ಯುತ್ತನ್ನು ಬಳಸುವ ಮಾರ್ಗವೊಂದಿದೆ. 2022ರ ನಿಯಮಗಳ ಪ್ರಕಾರ ಮುಕ್ತ ಪ್ರವೇಶದ ಮಿತಿ 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿದಿದೆ. ಅದು ದೊಡ್ಡ ಉದ್ದಿಮೆಗಳ ಮಾತು, ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ದರ ಏರುತ್ತಲೇ ಇರುತ್ತದೆಂಬ ನಂಬಿಕೆಯನ್ನೂ ಪರೀಕ್ಷಿಸಬೇಕಾಗಿದೆ. ಈ ಕ್ಷೇತ್ರದಲ್ಲಿ ಸರಕಾರಿ ನಿಯಮ ನೆಚ್ಚಿ ಕೂತವರ ಅನುಭವ ಮಿಶ್ರವಾದದ್ದು. 2013ರ ಅಕ್ಟೋಬರ್‌ನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಛಾವಣಿ ಘಟಕದ ವಿದ್ಯುತ್ತಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ನಿಗದಿಪಡಿಸಿತ್ತು. ಫಲಕಗಳ ಬೆಲೆ ಇಳಿದಂತೆ ನಂತರದ ಆದೇಶಗಳಲ್ಲಿ ಆ ದರ ಅರ್ಧಕ್ಕಿಂತಲೂ ಕೆಳಗಿಳಿಯಿತು. ಸಾಗಣೆ ಶುಲ್ಕದ ವಿನಾಯಿತಿ 2018ರ ಮಾರ್ಚ್ 31ರೊಳಗೆ ಚಾಲೂ ಆದ ಸೌರಘಟಕಗಳಿಗೆ ಮಾತ್ರವಿದ್ದುದರಿಂದ ಆ ದಿನಾಂಕ ತಪ್ಪಿಸಿಕೊಂಡವರ ಲೆಕ್ಕವೇ ಬುಡಮೇಲಾಯಿತು. ಬಿಲ್ಲಿನ ಕಡೆಯಲ್ಲಿಯೂ ಗಾಳಿ ಬದಲಾಗಿದೆ. 2024ರ ನಂತರದ ಆದೇಶಗಳಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ವರ್ಗಗಳ ಯೂನಿಟ್ ದರ ಇಳಿದು, ನಿಗದಿತ ಶುಲ್ಕದ ಕಡೆಗೆ ಭಾರ ಸರಿಯುತ್ತಿದೆ. ಸೌರಘಟಕ ಉಳಿಸುವುದು ಯೂನಿಟ್ ದರವನ್ನು ಮಾತ್ರ. ನಿಗದಿತ ಶುಲ್ಕ ಬಿಸಿಲಿದ್ದರೂ ಮಳೆಯಿದ್ದರೂ ಬರುತ್ತದೆ. ಆದ್ದರಿಂದ ದರ ವರ್ಷಕ್ಕೆ ಶೇಕಡಾ 5 ಏರುತ್ತದೆಂಬ ಊಹೆಯನ್ನು ಹಾಳೆಯಿಂದ ಅಳಿಸಿ, ಏರಿಕೆ ಶೂನ್ಯವೆಂದು ಲೆಕ್ಕ ಹಾಕಿದಾಗಲೂ ಏಳು ವರ್ಷದೊಳಗೆ ಸಾಲ ತೀರುವುದಾದರೆ ಮುಂದುವರಿಯಬಹುದು.

ಭಾನುವಾರದ ವಿದ್ಯುತ್ತನ್ನೂ ಮರೆಯಬಾರದು. ನಿವ್ವಳ ಮೀಟರ್ ಪದ್ಧತಿಯಲ್ಲಿ ಹೆಚ್ಚುವರಿ ಯೂನಿಟ್‌ಗಳಿಗೆ ಮೆಸ್ಕಾಂ ಕೊಡುವುದು ಕೊಂಡ ದರವನ್ನಲ್ಲ, ಆಯೋಗ ನಿಗದಿಪಡಿಸಿದ ಕಡಿಮೆ ದರವನ್ನು. ವರ್ಷಕ್ಕೆ ಐದಾರು ತಿಂಗಳು ಮಾತ್ರ ಓಡುವ ಘಟಕಗಳು, ಮದುವೆಯ ದಿನ ಮಾತ್ರ ಬೆಳಗುವ ಕಲ್ಯಾಣ ಮಂಟಪಗಳು ಛಾವಣಿ ಇದ್ದಷ್ಟು ಫಲಕ ಹಾಸುವುದು ಜಾಣತನವಲ್ಲ. ಬಿಲ್ಲಿನ ಹನ್ನೆರಡು ತಿಂಗಳ ಪಟ್ಟಿಯಲ್ಲಿ ಅತಿ ಕಡಿಮೆ ಬಳಕೆಯ ತಿಂಗಳುಗಳನ್ನು ನೋಡಿ ಗಾತ್ರ ನಿರ್ಧರಿಸಬೇಕು. ಮಂಜೂರಾದ ಹೊರೆಯ ಮೇರೆ ಹೇಗೂ ಇದೆ. ಇದರೊಂದಿಗೆ ಹತ್ತು ವರ್ಷದ ಸುಮಾರಿಗೆ ಇನ್ವರ್ಟರ್ ಬದಲಿಸಲು ವರ್ಷಕ್ಕೆ ಸ್ವಲ್ಪ ಹಣ ತೆಗೆದಿಡುವುದು, ಸಿಡಿಲಿನ ಹಾನಿಯನ್ನು ವಿಮೆಯಲ್ಲಿ ಸ್ಪಷ್ಟವಾಗಿ ಸೇರಿಸುವುದು ಅಗತ್ಯ. ಮೇ ತಿಂಗಳ ಸಂಜೆಯ ಸಿಡಿಲು ಬೆಳ್ತಂಗಡಿಯವರಿಗೆ ಹೊಸತಲ್ಲ.

ಒಟ್ಟಿನಲ್ಲಿ ಸ್ವಂತ ಕಟ್ಟಡ, ಹಗಲಿನ ಬಳಕೆ ಇರುವ ಸಣ್ಣ ಉದ್ದಿಮೆಗೆ ಅವಧಿ ಸಾಲದಿಂದ ಸ್ವಂತವಾಗಿ ಕೊಳ್ಳುವುದೇ ಈ ಕಡೆ ಹೆಚ್ಚು ಹೊಂದುವ ಮಾರ್ಗ. ಅದಕ್ಕೆ ಅಡ್ಡಿಯಾಗಿರುವುದು ಕಂತಿನ ಸ್ವರೂಪ ಮತ್ತು ಆಧಾರದ ಪ್ರಶ್ನೆ. ಆಧಾರದ ಮಟ್ಟಿಗೆ, ಸಣ್ಣ ಉದ್ದಿಮೆಗಳ ಸಾಲ ಖಾತರಿ ನಿಧಿಯ ವ್ಯಾಪ್ತಿಗೆ ವರ್ತಕರೂ ಸೇರಿದ್ದಾರೆ, 2025ರ ಏಪ್ರಿಲ್‌ನಿಂದ ಅದರ ಮಿತಿ 10 ಕೋಟಿ ರೂಪಾಯಿ. ಆದರೂ 8 ಲಕ್ಷದ ಸಾಲಕ್ಕೆ ಜಾಗದ ಪಹಣಿ ಕೇಳುವ ಶಾಖೆಗಳಿವೆ. ಕಂತಿನ ಮಟ್ಟಿಗೆ ಒಬ್ಬ ಗಿರಾಕಿ ಒಂದು ಶಾಖೆಯಲ್ಲಿ ವಾದಿಸಿ ಗೆಲ್ಲುವುದು ಕಷ್ಟ. ಕಂಪ್ಯೂಟರಿನಲ್ಲಿ ಅಂತಹ ನಮೂನೆ ಇಲ್ಲವೆಂಬ ಉತ್ತರ ಬರುತ್ತದೆ.

ಈ ಕೆಲಸ ವಾಣಿಜ್ಯ ಸಂಘದ್ದು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ, 2003ರ ಸೌರ ಸಾಲ ಕಾರ್ಯಕ್ರಮದ ಎರಡೂ ಬ್ಯಾಂಕುಗಳ ಅನುಭವ ಈಗ ಒಂದೇ ಸೂರಿನಡಿ ಇದೆ. ಜಿಲ್ಲಾ ಮಟ್ಟದ ಬ್ಯಾಂಕರುಗಳ ಪರಿಶೀಲನಾ ಸಭೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಬಡ್ಡಿ ಮಾತ್ರ ವಸೂಲು ಮಾಡುವ ಸೌರ ಅವಧಿ ಸಾಲದ ನಮೂನೆಯನ್ನು ಸಂಘದ ಪರವಾಗಿ ಮುಂದಿಡಬಹುದು. ಅದರೊಂದಿಗೆ, ಘಟಕ ಹಾಕಲು ಸಿದ್ಧರಿರುವ ಸದಸ್ಯರ ಪಟ್ಟಿ, ಅವರ ಹನ್ನೆರಡು ತಿಂಗಳ ಬಿಲ್ಲು, ಛಾವಣಿಯ ಅಳತೆ ಇವುಗಳನ್ನು ಒಟ್ಟುಗೂಡಿಸಿದರೆ ಕಂಪನಿಗಳೊಂದಿಗೆ ಬೆಲೆಯನ್ನೂ ಐದು ವರ್ಷದ ನಿರ್ವಹಣೆಯನ್ನೂ ಒಟ್ಟಾಗಿ ಮಾತನಾಡಬಹುದು. ದೂರದ ಊರಿನ ಕಂಪನಿಗೆ ಮೂಡುಬಿದಿರೆಯ ಒಂದು ಛಾವಣಿಗಾಗಿ ಮೆಕ್ಯಾನಿಕ್ ಕಳಿಸುವುದು ನಷ್ಟ, ಮೂವತ್ತು ಛಾವಣಿಗಾಗಿ ಇಲ್ಲಿಯೇ ಒಬ್ಬನನ್ನು ಇಡುವುದು ಲಾಭ.

ಅರ್ಜಿಗಳು ದೀಪಾವಳಿಯ ಬಳಿಕ ಬ್ಯಾಂಕಿಗೆ ತಲುಪಿ ಜನವರಿಯಲ್ಲಿ ಮಂಜೂರಾತಿ ಕೈಸೇರಿದರೆ, ಮಾಡಿನ ಮೇಲಿನ ಕೆಲಸ ಒಣ ಹವೆಯಲ್ಲಿ ಮುಗಿದು, ಮೆಸ್ಕಾಂ ಪರಿಶೀಲನೆಯೂ ಆಗಿ, ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಮೀಟರ್ ಓಡತೊಡಗುತ್ತದೆ. ಕ್ಯಾಶ್ ಕ್ರೆಡಿಟ್ ಖಾತೆ ಬೀಜದ ಖರೀದಿಗೆ ಹಾಗೆಯೇ ಇರುತ್ತದೆ. ಜೂನ್ ಮೊದಲ ವಾರ ಮಳೆ ಹಿಡಿದಾಗ ಮಾಡು ಸೋರುತ್ತದೆಯೇ ಎಂಬುದು ತಿಳಿಯುತ್ತದೆ; ಕಂಪನಿಯ ಕೊನೆಯ ಶೇಕಡಾ 10ರ ಪಾವತಿಯನ್ನು ಅಲ್ಲಿಯವರೆಗೆ ತಡೆಹಿಡಿಯುವ ಷರತ್ತನ್ನು ಖರೀದಿ ಆದೇಶದಲ್ಲಿಯೇ ಬರೆಸಿಕೊಳ್ಳಬೇಕು.